ಕುದುರೆಯ ಅಂಗಲಕ್ಷಣವೂ ಛಾಯಾಚಿತ್ರವೂ

ಕುದುರೆಯನ್ನು ಕೊಳ್ಳುವಾಗ ಸುಳಿ ನೋಡುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಈಗ ಕೊಳ್ಳುವವನ ಕೈಗೆ ಮೊದಲು ಬರುವುದು ಕುದುರೆಯ ಪಟ. ಸುಳಿಯಿಂದ ಕಾಲಿನ ಬಲ ತಿಳಿಯದು. ಪಟದಿಂದ ತಿಳಿಯುವುದೆಷ್ಟು, ತಿಳಿಯದಿರುವುದೆಷ್ಟು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಕುದುರೆಗಿಂತ ಮುಂಚೆ ಪಟವನ್ನೇ ಪರೀಕ್ಷಿಸಬೇಕು. ಕುದುರೆ ಸಮನೆಲದ ಮೇಲೆ ನಿಂತಿರಬೇಕು. ಕ್ಯಾಮರ ಅದರ ಪಕ್ಕೆಗೆ ನೇರವಾಗಿ, ಹೊಟ್ಟೆಯ ಮಟ್ಟದಲ್ಲಿ, ಸಾಕಷ್ಟು ದೂರದಲ್ಲಿರಬೇಕು. ಕ್ಯಾಮರ ಮೇಲಿದ್ದರೆ ಕಾಲು ಗಿಡ್ಡವಾಗಿ ತೋರುವುದು. ತಲೆಯ ಸಮೀಪವಿದ್ದರೆ ತಲೆ ದೊಡ್ಡದಾಗಿ, ಹಿಂಭಾಗ ಬಡಕಲಾಗಿ ಕಾಣುವುದು. ಮುಂಗಾಲನ್ನು ದಿಬ್ಬದ ಕಡೆಗೆ ನಿಲ್ಲಿಸಿದರೆ ಇಲ್ಲದ ಎತ್ತರ ಹೆಗಲಿಗೆ ಬರುವುದು. ಹುಲ್ಲು ಗೊರಸನ್ನು ಮುಚ್ಚಿದ್ದರೆ ಆ ಪಟವನ್ನು ಬದಿಗಿಡುವುದೇ ಲೇಸು.

ಪಟ ಸರಿಯಾಗಿದ್ದರೆ ಅದರ ಮೇಲೆ ಅಡಿಕೋಲನ್ನಿಡಬಹುದು. ಭುಜ, ಬೆನ್ನು, ಹಿಂಭಾಗ ಈ ಮೂರೂ ಹೆಚ್ಚು ಕಡಮೆ ಸಮನಾಗಿರಬೇಕು. ಭುಜದೆಲುಬು ಹಿಂದಕ್ಕೆ ಚೆನ್ನಾಗಿ ಓರೆಯಾಗಿದ್ದರೆ ಹೆಜ್ಜೆ ನೀಳವಾಗುವುದು. ಗೊರಸಿಗೂ ಅದರ ಮೇಲಿನ ಗಿಣ್ಣಿಗೂ ನಡುವಣ ಭಾಗ ತೀರ ನೆಟ್ಟಗಿದ್ದರೆ ನೆಲದ ಪೆಟ್ಟು ನೇರವಾಗಿ ಎಲುಬಿಗೆ ತಗಲುವುದು. ತೀರ ಬಾಗಿದ್ದರೆ ಸ್ನಾಯುರಜ್ಜು ಸೆಳೆದು ಕೆಡುವುದು. ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲಿರುತ್ತದೆ. ಆದುದರಿಂದ ಇದು ಬರಿಯ ಅಂದಚಂದದ ಮಾತಲ್ಲ. ಮೂಗಪ್ರಾಣಿಯ ನೋವಿನ ಮಾತು. ಅದು ಕುಂಟತೊಡಗಿದರೆ ಕೊಂಡವನ ಹಣವೂ ಹೋಯಿತು.

ಇಷ್ಟಾದರೂ ಪಕ್ಕದ ಪಟದಲ್ಲಿ ಗೊರಸು ಒಳಮುಖವೋ ಹೊರಮುಖವೋ ತಿಳಿಯದು. ಅದಕ್ಕೆ ಎದುರಿನಿಂದ ತೆಗೆದ ಪಟ ಬೇಕು. ನಡಿಗೆಯಂತೂ ಒಂದೇ ಪಟದಲ್ಲಿ ಸಿಕ್ಕದು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬಾತನು 12 ಕ್ಯಾಮರಗಳನ್ನು ಸಾಲಾಗಿಟ್ಟು, ಓಡುವ ಕುದುರೆಯ ಪಟಗಳನ್ನು ಒಂದರ ಹಿಂದೊಂದಾಗಿ ತೆಗೆದನು. ನಾಗಾಲೋಟದಲ್ಲಿ ನಾಲ್ಕು ಗೊರಸುಗಳೂ ನೆಲ ಬಿಡುವುದು ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಿಸಿದಾಗ ಎಂದು ಆಗ ತಿಳಿಯಿತು. ಚಿತ್ರಕಾರರು ಬಹುಕಾಲ ಬರೆಯುತ್ತಿದ್ದುದು ಚಾಚಿದ ಕಾಲುಗಳನ್ನೇ!

ಲಕ್ಷಣವೇ ಸರ್ವಸ್ವವೂ ಅಲ್ಲ. ಸೀಬಿಸ್ಕಿಟ್ ಎಂಬ ಅಮೆರಿಕದ ಕುದುರೆ ಗಿಡ್ಡ. ಅದರ ಮಂಡಿಗಳು ಗಂಟುಗಂಟು. ಅದೇ 1938ರಲ್ಲಿ ಹೆಸರಾಂತ ವಾರ್ ಅಡ್ಮಿರಲನ್ನು ಪಂದ್ಯದಲ್ಲಿ ಸೋಲಿಸಿತು. ಅದರ ಕೆಚ್ಚನ್ನು ಯಾವ ಅಡಿಕೋಲು ಅಳೆದೀತು?

ಪಟವನ್ನು ನೋಡಿ ‘ಬೇಡ’ ಎನ್ನಬಹುದು. ‘ಬೇಕು’ ಎನ್ನುವ ಮೊದಲು ಕುದುರೆಯ ಬಳಿಗೆ ಹೋಗಿ, ಕಾಲು ಸವರಿ, ನಡೆಸಿ ನೋಡಲೇಬೇಕೆಂಬುದು ನನ್ನ ಅಭಿಪ್ರಾಯ.