ಹೆಸರು ತಿದ್ದಿಕೊಂಡೇ ಆಡಿದ ಆಟ

ಗೋಕಾಕದಲ್ಲಿ ಫೋಟೊ ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯನ ಗಲ್ಲಾಪೆಟ್ಟಿಗೆಯಲ್ಲಿ ಒಂದು ಹಳೆಯ ಪೆನ್‌ಡ್ರೈವ್ ಇದೆ. ಅದರ ಮುಚ್ಚಳ ಎಂದೋ ಕಳೆದಿದೆ. ಮೈಮೇಲೆ ಬಿಳಿ ಪಟ್ಟಿ ಅಂಟಿಸಿ, ಪೆನ್ನಿನಿಂದ ‘07’ ಎಂದು ಬರೆದಿದ್ದಾನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಊರಿನ ತಗ್ಗಿನ ಓಣಿಗಳಿಗೆಲ್ಲ ನೀರು ನುಗ್ಗಿದಾಗ ಅವನ ಮನೆಯ ಕಂಪ್ಯೂಟರು ಹೊಳೆಯ ಪಾಲಾಯಿತು. ಪೆನ್‌ಡ್ರೈವ್ ಮಾತ್ರ ಉಳಿಯಿತು.

“ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು ತಗೊಂಡ ಹೊರಬಿದ್ವಿ. ಅದರ ಜೋಡಿ ಇದನ್ನೂ ಕಿಸೇದಾಗ ಹಾಕ್ಕೊಂಡೆ” ಎನ್ನುತ್ತಾನೆ.

ಅದರಲ್ಲಿರುವುದು ಒಂದು ವಿಡಿಯೋ ಗೇಮ್. ಇಎ ಸ್ಪೋರ್ಟ್ಸ್ ಕಂಪನಿಯ ‘ಕ್ರಿಕೆಟ್ 07’. ಆಟಕ್ಕಿಂತ ಹೆಚ್ಚಾಗಿ, ಅದರ ಆಟಗಾರರ ಪಟ್ಟಿಗಳು: ವರ್ಷಕ್ಕೊಂದರಂತೆ ಆತ ತಿದ್ದಿ ಕಾದಿಟ್ಟ ಪಟ್ಟಿಗಳು.

ನಮ್ಮ ಭಾಗದಲ್ಲಿ ಮೂವತ್ತು ದಾಟಿದ ಗಂಡಸರನ್ನು ಈ ಆಟದ ಬಗ್ಗೆ ಕೇಳಿ ನೋಡಿ. ಮುಖ ಅರಳುತ್ತದೆ, ಹಿಂದೆಯೇ ಒಂದು ತಕರಾರು ಬರುತ್ತದೆ. ಪ್ರೀತಿ ಮತ್ತು ಸಿಟ್ಟು ಹೀಗೆ ಒಂದೇ ಮಾತಿನಲ್ಲಿ ಕೂಡಿ ಬರುವುದನ್ನು ನಾನು ಬೇರೆ ಯಾವ ಆಟದ ಬಗೆಗೂ ಕೇಳಿಲ್ಲ. ಅದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕೆಂದೇ ಕಳೆದ ತಿಂಗಳು ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನು ಒಂದು ಸುತ್ತು ಹಾಕಿ ಬಂದೆ.

ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ ಸರಣಿ ಶುರುವಾದದ್ದು 1996ರಲ್ಲಿ. ‘ಕ್ರಿಕೆಟ್ 96’, ‘ಕ್ರಿಕೆಟ್ 97’, ‘ಕ್ರಿಕೆಟ್ 2000’ ಎಂದು ಮುಂದುವರಿದು 2002, 2004, 2005 ಎಂಬ ಹೆಸರಿನ ಆವೃತ್ತಿಗಳನ್ನೂ ಕಂಡಿತು. ಕೊನೆಯದು 2006ರ ನವೆಂಬರ್‌ನಲ್ಲಿ ಬಂದ ‘ಕ್ರಿಕೆಟ್ 07’. ಅದನ್ನು ಕಟ್ಟಿದ್ದು ಕೆನಡಾದ ಎಚ್‌ಬಿ ಸ್ಟುಡಿಯೋಸ್. ವೀಕ್ಷಕ ವಿವರಣೆಗೆ ರಿಚಿ ಬೆನೋ ಮತ್ತು ಮಾರ್ಕ್ ನಿಕೋಲಸ್. ಅದೇ ತಿಂಗಳು ಬ್ರಿಸ್ಬೇನ್‌ನಲ್ಲಿ ಆ್ಯಷಸ್ ಸರಣಿ ಆರಂಭವಾಗುವುದಿತ್ತು, ಆಟವನ್ನು ಹೊಸೆದದ್ದೂ ಅದರ ಸುತ್ತಲೇ. ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಆಟಗಾರರ ಹೆಸರು, ಮುಖ, ಅಂಗಿ ಎಲ್ಲವೂ ಅಸಲಿ. ಲೈಸೆನ್ಸ್ ಇದ್ದದ್ದು ಅವಕ್ಕೆ.

ಭಾರತ ತಂಡಕ್ಕೆ ಇರಲಿಲ್ಲ.

ಆ ಆಟವನ್ನು ನಾನು ಮೊದಲು ಕಂಡದ್ದು ಗೋಕಾಕದ ಒಂದು ನೆಟ್ ಕೆಫೆಯಲ್ಲಿ. ತಾಸಿಗೆ 15 ರೂಪಾಯಿ. ಆರು ಜನ ಸೇರಿ ಒಂದು ತಾಸು ಕೊಳ್ಳುತ್ತಿದ್ದೆವು. ಔಟಾದವನು ಎದ್ದು ಮುಂದಿನವನಿಗೆ ಕುರ್ಚಿ ಬಿಡಬೇಕು, ಅದು ನಿಯಮ. ಭಾರತ ತಂಡ ಆರಿಸಿದೆವು. ಪಟ್ಟಿ ತೆರೆಯಿತು. ಯಾವ ಹೆಸರೂ ನೆಟ್ಟಗಿಲ್ಲ. ಒಂದೆರಡು ಅಕ್ಷರ ಆಚೀಚೆ ಮಾಡಿ, ಕಂಡೂ ಕಾಣದಂತೆ ತಿರುಚಿದ ಹೆಸರುಗಳು. ರಾಹುಲ್ ದ್ರಾವಿಡ್ ಆಗ ಭಾರತದ ನಾಯಕ. ನಮ್ಮ ರಾಜ್ಯದವರು, ನಮ್ಮ ನೋಟ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿಕೊಂಡಿದ್ದ ಮುಖ. ಅವರ ಹೆಸರೂ ಅವರದಾಗಿರಲಿಲ್ಲ. ಕುರ್ಚಿಯಲ್ಲಿದ್ದವನು ಆಟ ಶುರು ಮಾಡಲೇ ಇಲ್ಲ. “ತಡೀರಲೇ, ಮೊದಲ ಹೆಸರ ಸುದ್ದ ಮಾಡೂಣು” ಅಂದ. ಹೆಸರು ತಿದ್ದಲು ಅವಕಾಶವಿತ್ತು. ಆ ದಿನದ ಪೂರ್ತಿ ತಾಸು ಹನ್ನೊಂದು ಹೆಸರು ತಿದ್ದುವುದರಲ್ಲೇ ಮುಗಿಯಿತು. ಒಂದು ಚೆಂಡೂ ಆಡದೆ 15 ರೂಪಾಯಿ ಕೊಟ್ಟು ಬಂದೆವು. ಮರುದಿನ ಹೋದರೆ ಬೇರೆ ಯಾರೋ ಆಟವನ್ನು ಅಳಿಸಿ ಮತ್ತೆ ಹಾಕಿದ್ದರು, ಹೆಸರುಗಳು ಮೊದಲಿನಂತೆಯೇ ಸೊಟ್ಟಗಾಗಿದ್ದವು. ಗೆಳೆಯ ಪೆನ್‌ಡ್ರೈವ್ ಕೊಂಡದ್ದು ಆಗ.

ಈ ಆಟದೊಂದಿಗಿನ ನಮ್ಮ ನಂಟು ಮೊದಲ ದಿನವೇ ಹೀಗೆ ಸುದ್ದ ಮಾಡುವುದರಿಂದ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೂ ಅದು ಬದಲಾಗಿಲ್ಲ.

ಆಟದಲ್ಲಿ ಬೇರೆ ಕುಂದುಗಳೂ ಇದ್ದವು. ಒಂದು ಹೊಡೆತ ಕೈಗೆ ಹತ್ತಿತೆಂದರೆ ಯಾರ ಬೌಲಿಂಗಾದರೂ ಸಿಕ್ಸರ್. ಫೀಲ್ಡರ್‌ಗಳು ಚೆಂಡಿನ ಪಕ್ಕ ನಿಂತು ಇನ್ನೂ ಯೋಚಿಸುತ್ತಿರುವಂತೆ ಕಾಣುತ್ತಿದ್ದರು. ಬೆನೋ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಇವನ್ನೆಲ್ಲ ಸಹಿಸಿದೆವು. ಮುಂದಿನ ವರ್ಷ ಹೊಸದು ಬಂದಾಗ ಸರಿಹೋಗುತ್ತದೆ ಎಂದು ನಂಬಿದ್ದೆವು.

ಹೊಸದು ಬರಲಿಲ್ಲ.

ಆ ಹೊತ್ತಿಗೆ ಕ್ರಿಕೆಟ್ಟೇ ಮಗ್ಗಲು ಬದಲಿಸಿತು. 2007ರ ಮಾರ್ಚ್‌ನಲ್ಲಿ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಸೋತು ಬಂದ ಭಾರತ, ಸೆಪ್ಟೆಂಬರ್ 24ರಂದು ಟಿ20 ವಿಶ್ವಕಪ್ ಗೆದ್ದಿತು. 2008ರ ಏಪ್ರಿಲ್‌ನಲ್ಲಿ ಐಪಿಎಲ್ ಶುರುವಾಯಿತು, ಅದೂ ಬೆಂಗಳೂರಿನಲ್ಲಿ. ಇಡೀ ದೇಶ ಕ್ರಿಕೆಟ್ಟಿಗೆ ಹೊಸದಾಗಿ ಮರುಳಾದ ಹೊತ್ತಿಗೆ ಸರಿಯಾಗಿ ಈ ಸರಣಿ ನಿಂತುಹೋಯಿತು. ಫುಟ್‌ಬಾಲ್‌ನ ‘ಫಿಫಾ’ ಆಟವನ್ನು ಅದೇ ಕಂಪನಿ 1993ರಿಂದ ವರ್ಷ ತಪ್ಪಿಸದೆ ಹೊರತರುತ್ತಿದೆ. 2023ರಲ್ಲಿ ಹೆಸರು ಬದಲಾಯಿತಷ್ಟೇ, ಆಟ ನಿಲ್ಲಲಿಲ್ಲ. ನಮ್ಮ ಸಿಟ್ಟಿನ ಬೇರು ಇರುವುದು ಇಲ್ಲಿ. ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಗುಂಪಿನಲ್ಲಿ ಒಬ್ಬನೂ ಆ ಆಟವನ್ನು ದುಡ್ಡು ಕೊಟ್ಟು ಅಸಲಿ ಡಬ್ಬಿಯಲ್ಲಿ ಕೊಂಡವನಲ್ಲ. ಕೈಯಿಂದ ಕೈಗೆ ದಾಟಿದ ಸಿಡಿಯಲ್ಲೇ ಆಡಿದೆವು. ಅಸಲಿ ಎಲ್ಲಿ ಸಿಗುತ್ತದೆ ಎಂಬುದೇ ಗೊತ್ತಿರಲಿಲ್ಲ, ಗೊತ್ತಿದ್ದರೂ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಸಿಟ್ಟು ಮಾಡುವ ಹಕ್ಕು ನಮಗೆಷ್ಟಿದೆ ಎಂದು ಗೆಳೆಯನೇ ಒಮ್ಮೆ ಕೇಳಿದ್ದ. ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಅನ್ನಿಸುತ್ತದೆ: ದುಡ್ಡು ಕೊಡದಿದ್ದರೂ ದುಡಿಮೆ ಕೊಟ್ಟಿದ್ದೇವೆ.

ಆ ದುಡಿಮೆ ಎಂಥದ್ದೆಂದು ಹತ್ತಿರದಿಂದ ನೋಡಬೇಕು. ಸರಣಿ ನಿಂತ ಮೇಲೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಅಭಿಮಾನಿಗಳೇ ‘ಪ್ಯಾಚ್’ ಎಂಬ ತೇಪೆಗಳನ್ನು ಹೊಲಿಯತೊಡಗಿದರು. ಹೊಸ ತಂಡ, ಹೊಸ ಅಂಗಿ, ಹೊಸ ಮೈದಾನ, ಐಪಿಎಲ್. ಗೆಳೆಯನೂ ಫೋಟೊಶಾಪ್ ಕಲಿತದ್ದು ಇದಕ್ಕಾಗಿಯೇ. ಮೊನ್ನೆ ನನ್ನ ಮುಂದೆ ಒಂದು ಅಂಗಿಯ ಕಡತ ತೆರೆದು ತೋರಿಸಿದ. ಪರದೆಯ ಮೇಲೆ ಅಂಗಿ ಅಂಗಿಯಂತೆ ಕಾಣುವುದಿಲ್ಲ. ಟೇಲರ್ ಮೇಜಿನ ಮೇಲೆ ಕತ್ತರಿಸಿ ಹರವಿದ ಬಟ್ಟೆಯಂತೆ ಎದೆಯ ತುಂಡು, ಬೆನ್ನಿನ ತುಂಡು, ತೋಳು, ಕಾಲರು ಬೇರೆ ಬೇರೆಯಾಗಿ ಬಿದ್ದಿರುತ್ತವೆ. ಮುಖವೂ ಹಾಗೆಯೇ: ಸುಲಿದು ಹರವಿದಂಥ ಚಪ್ಪಟೆ ಚಿತ್ರ. ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಬ್ರಷ್‌ನಿಂದ ಗಡ್ಡ ಬಿಡಿಸಬೇಕು. ಎರಡು ಚುಕ್ಕಿ ಆಚೆ ಹೋದರೆ ಆಟದಲ್ಲಿ ಮೀಸೆ ಕಿವಿಗೆ ಬಂದು ಕೂಡುತ್ತದೆ. ಬೆಳಗಾವಿಯ ರೋನಿತ್ ಮೋರೆ ಕರ್ನಾಟಕ ತಂಡಕ್ಕೆ ಆಡತೊಡಗಿದಾಗ ಅವರನ್ನು ಆಟಕ್ಕೆ ಸೇರಿಸಲು ಆತ ಮೂರು ರಾತ್ರಿ ಕೂತಿದ್ದ. ಮರದ ತುಂಡಿನಿಂದ ಬಾಳೆಹಣ್ಣು, ಮಾವಿನಹಣ್ಣು ಕೆತ್ತಿ, ಕೊಳ್ಳುವವರೇ ಮೂಸಿ ನೋಡುವಂತೆ ಬಣ್ಣ ಕೊಡುವ ಗೊಂಬೆಯವರ ಊರು ಗೋಕಾಕ. ಅವನ ಬ್ರಷ್ ಓಡುವುದನ್ನು ನೋಡುತ್ತ ನನಗೆ ಅವರೇ ನೆನಪಾದರು.

ಇಂದು ಸ್ಟುಡಿಯೋದಲ್ಲಿ ಮದುಮಗಳ ಮುಖದ ಮೇಲಿನ ಕಲೆ ತೆಗೆಯುವುದು ಅದೇ ಕೈ.

ಮೂಡಲಗಿಯ ಕಥೆ ಇನ್ನೂ ಒಂದು ಹೆಜ್ಜೆ ಮುಂದಿನದು. ಆಗ ಅದು ಗೋಕಾಕ ತಾಲ್ಲೂಕಿನಲ್ಲೇ ಇತ್ತು, ಈಗ ತಾನೇ ತಾಲ್ಲೂಕು. ಕಬ್ಬು ಕಡಿದು ಸಾಗಿಸಿದ ಹೊಲಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್‌ಗಳು ನಡೆಯುತ್ತವೆ. ಕೂಳೆ ಚುಚ್ಚುವ ನೆಲ, ಬೌಂಡರಿಗೆ ಸುಣ್ಣದ ಗೆರೆ. ಅಲ್ಲಿನ ಒಂದು ಓಣಿಯ ತಂಡದ ಹನ್ನೊಂದು ಹುಡುಗರು ನಮ್ಮಿಂದ ಆಟವನ್ನು ಒಯ್ದರು. ಅವರು ಭಾರತದ ಹೆಸರುಗಳನ್ನು ತಿದ್ದಿ ಸುಮ್ಮನಾಗಲಿಲ್ಲ. ಕೆನ್ಯಾ ತಂಡವನ್ನು ಆರಿಸಿ, ಅದರ ಹನ್ನೊಂದೂ ಹೆಸರು ಅಳಿಸಿ, ತಮ್ಮ ಹೆಸರು ಬರೆದುಕೊಂಡರು. ಎಡಗೈಯವನಿಗೆ ಎಡಗೈ, ವಿಕೆಟ್ ಕೀಪರನಿಗೆ ಕೀಪಿಂಗ್. ಆಟದಲ್ಲಿ ಸಾಮರ್ಥ್ಯಕ್ಕೆ ಕೊಡುವ ಮಾರ್ಕು ಯಾರಿಗೆಷ್ಟು ಎಂಬುದಕ್ಕೆ ಜಗಳವೇ ಆಯಿತಂತೆ, ಒಬ್ಬ ಎರಡು ವಾರ ಮಾತು ಬಿಟ್ಟಿದ್ದ. ಆಮೇಲೆ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಇಳಿದರು. ಇಳಿದವರಲ್ಲಿ ಒಬ್ಬರು ಈಗ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾರೆ. “ನನ್ನ ಹೆಸರ ಸ್ಕೋರ್‌ಬೋರ್ಡಿನ್ಯಾಗ ಬಂತ ನೋಡ್ರಿ, ಮೈ ಝುಂ ಅಂತ್ರಿ. ಟಿವಿಯಾಗ ಬಂದಂಗ” ಎಂದರು. ತುಸು ತಡೆದು ಸೇರಿಸಿದರು: “ಆದ್ರ ಆ ಕಾಮೆಂಟರಿ ಅಜ್ಜಾ ನನ್ನ ಹೆಸರ ಒಮ್ಮೆನೂ ಕರೀಲಿಲ್ಲ.”

ಆ ಅಜ್ಜ ರಿಚಿ ಬೆನೋ 2015ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಆಟದ ಆಸ್ಟ್ರೇಲಿಯಾ ತಂಡದಲ್ಲಿದ್ದವರ ಪೈಕಿ 2022ರ ಮಾರ್ಚ್‌ನಲ್ಲಿ ಶೇನ್ ವಾರ್ನ್ ಹೋದರು, ಮೇ ತಿಂಗಳಲ್ಲಿ ಆ್ಯಂಡ್ರೂ ಸೈಮಂಡ್ಸ್. ವಾರ್ನ್ ತೀರಿಕೊಂಡ ರಾತ್ರಿ ಗೆಳೆಯ ಅಂಗಡಿ ಮುಚ್ಚಿ, ತನ್ನ ಯಾವ ತೇಪೆಯೂ ಇಲ್ಲದ ಮೂಲ ಆಟವನ್ನು ಹಾಕಿ, ವಾರ್ನ್ ಅವರ ಕೈಗೆ ಚೆಂಡು ಕೊಟ್ಟು ಸುಮಾರು ಹೊತ್ತು ಬೌಲ್ ಮಾಡಿಸಿದನಂತೆ. ವಿಕೆಟ್‌ಗಾಗಿ ಅಲ್ಲ. ಆ ನಿಧಾನದ ನಾಲ್ಕು ಹೆಜ್ಜೆ ನೋಡಲು.

ಸರಣಿ ನಿಂತ ಮೇಲೆ ಬೇರೆಯವರು ಪ್ರಯತ್ನಿಸದೆ ಇರಲಿಲ್ಲ. ಕೋಡ್‌ಮಾಸ್ಟರ್ಸ್ ಕಂಪನಿ 2010ರವರೆಗೆ ಮಾಡಿ ಕೈಬಿಟ್ಟಿತು. 2013ರ ‘ಆ್ಯಷಸ್ ಕ್ರಿಕೆಟ್’ ಎಷ್ಟು ಕೆಟ್ಟಿತ್ತೆಂದರೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದು ಕೊಂಡವರಿಗೆ ಹಣ ಮರಳಿಸಿದರು. ಆಮೇಲೆ ಮೆಲ್ಬರ್ನಿನ ಬಿಗ್ ಆ್ಯಂಟ್ ಸ್ಟುಡಿಯೋಸ್ 2014ರಲ್ಲಿ ‘ಡಾನ್ ಬ್ರಾಡ್‌ಮನ್ ಕ್ರಿಕೆಟ್ 14’ ತಂದಿತು. ಅಲ್ಲಿಂದ ಕ್ರಿಕೆಟ್ 19, 22, 24 ಎಂದು ನಡೆಯುತ್ತಿದೆ. ಆಟದ ಲೆಕ್ಕದಲ್ಲಿ ಇವು ಮೇಲು, ಅದನ್ನು ಒಪ್ಪಬೇಕು. ಹುಲ್ಲು ಹುಲ್ಲಿನಂತೆ ಕಾಣುತ್ತದೆ, ಚೆಂಡು ಸ್ವಿಂಗ್ ಆಗುತ್ತದೆ, ಔಟಾಗುವ ಭಯವಿದೆ. ಆದರೆ ಇವಕ್ಕೆ ಬೇಕಾದ ಕಂಪ್ಯೂಟರಿನ ಬೆಲೆಗೆ ನಮ್ಮಲ್ಲಿ ಒಂದು ಒಳ್ಳೆಯ ಎಮ್ಮೆ ಬರುತ್ತದೆ. ಇಷ್ಟಾಗಿಯೂ 2023ರ ‘ಕ್ರಿಕೆಟ್ 24’ರಲ್ಲಿ ಐಪಿಎಲ್ ತಂಡಗಳು ಬಂದವೇ ಹೊರತು ಭಾರತದ ರಾಷ್ಟ್ರೀಯ ತಂಡಕ್ಕೆ ಅಧಿಕೃತ ಲೈಸೆನ್ಸ್ ಇರಲಿಲ್ಲ. ಅಭಿಮಾನಿಗಳು ತಾವೇ ಮಾಡಿ ಹಂಚಿಕೊಂಡ ಭಾರತ ತಂಡವನ್ನು ಇಳಿಸಿಕೊಂಡು ಆಡಬೇಕಾಗಿತ್ತು. ಹದಿನೇಳು ವರ್ಷಗಳ ನಂತರವೂ ಅದೇ ಕೆಲಸ. ಇದು ಯಾವುದೋ ಒಂದು ಕಂಪನಿಯ ಸೋಮಾರಿತನವಲ್ಲ. ಹೆಸರು ಮತ್ತು ಮುಖ ಬಳಸುವ ಹಕ್ಕನ್ನು ದುಡ್ಡು ಕೊಟ್ಟು ಕೊಳ್ಳಬೇಕಾದ ವ್ಯವಹಾರದ ಫಲ. ಗೊತ್ತಿದ್ದರೂ ನೋವು ಕಡಿಮೆಯಾಗುವುದಿಲ್ಲ. ಜಗತ್ತಿನಲ್ಲಿ ಕ್ರಿಕೆಟ್ಟನ್ನು ಅತಿ ಹೆಚ್ಚು ಜನ ನೋಡುವ ದೇಶದ ತಂಡ, ಆಟದ ಡಬ್ಬಿಯೊಳಗೆ ಮಾತ್ರ ಪರದೇಶಿ.

ಹುಕ್ಕೇರಿಯಲ್ಲಿ ನನಗೆ ಸಿಕ್ಕವರು ಎಳೆಯರು, ಪಿಯುಸಿ ಹುಡುಗರು. ಆದಿಲ್‌ಶಾಹಿ ಕಾಲದ ಗುಮ್ಮಟಗಳ ನೆರಳಿನಲ್ಲಿ ಮೊಬೈಲ್ ಹಿಡಿದು ಕೂತಿದ್ದರು. ಅವರಿಗೆ ‘07’ ಎಂದರೆ ಅಣ್ಣಂದಿರ ಕಾಲದ ಸುದ್ದಿ. ಅವರ ಸರಣಿ ಬೇರೆ: ಚೆನ್ನೈನ ನೆಕ್ಸ್ಟ್‌ವೇವ್ ಕಂಪನಿಯ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಷಿಪ್’. ಅದರ ಎರಡನೆಯದು 2015ರಲ್ಲಿ, ಮೂರನೆಯದು 2020ರಲ್ಲಿ ಬಂತು. ಇನ್ನು ಕೆಲವರು ‘ರಿಯಲ್ ಕ್ರಿಕೆಟ್’ ಪಕ್ಷ. ಅದನ್ನು ಮಾಡುವ ನಾಟಿಲಸ್ ಕಂಪನಿಯ ಹೆಚ್ಚಿನ ಪಾಲನ್ನು 2025ರಲ್ಲಿ ಪಬ್‌ಜಿ ಖ್ಯಾತಿಯ ಕ್ರಾಫ್ಟನ್ ಕೊಂಡಿತು. ನಮ್ಮ ದೇಶದಲ್ಲೇ ಮಾಡಿದ್ದು, ಬಿಟ್ಟಿ ಸಿಗುತ್ತದೆ, ಸಾಧಾರಣ ಫೋನಿನಲ್ಲೂ ಓಡುತ್ತದೆ. ನಾವು ಬಯಸಿದ್ದೆಲ್ಲ ಇದೆಯಲ್ಲ ಎಂದೆ.

“ಅದಾವ್ರಿ ಅಣ್ಣಾ, ಆದ್ರ ಎರಡ ಓವರಿಗೊಮ್ಮೆ ಜಾಹೀರಾತ ಬರ್ತಾವು. ಛಲೋ ಬ್ಯಾಟ್ ಬೇಕಂದ್ರ ಕಾಯಿನ್ ತಗೋಬೇಕು. ಮ್ಯಾಲಿಂದ ಮ್ಯಾಲ ರೊಕ್ಕ ಕೇಳ್ತೈತಿ” ಎಂದ ಒಬ್ಬ. ಹೇಳುತ್ತಲೇ ಆಡುತ್ತಿದ್ದ, ಕಣ್ಣು ಎತ್ತಲಿಲ್ಲ. ಪಕ್ಕದವನು ಎರಡನೆಯ ಆವೃತ್ತಿಯೇ ಹಿತವಾಗಿತ್ತು, ಮೂರನೆಯದರಲ್ಲಿ ಎಲ್ಲ ಹೆಚ್ಚಾಯಿತು ಎಂದು ವಾದಿಸಿದ. ಹದಿನೇಳು ವರ್ಷದ ಹುಡುಗ ಆಗಲೇ ಹಳೆಯದನ್ನು ನೆನೆದು ನಿಟ್ಟುಸಿರಿಡುತ್ತಿದ್ದಾನೆ! ಅದನ್ನು ಕೇಳಿ ನನಗೆ ಅವನ ಮೇಲೆ ಅಕ್ಕರೆ ಬಂತು.

ಅವರ ದೂರಿನಲ್ಲಿ ನನ್ನ ತಲೆಮಾರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನಮ್ಮ ಆಟ ನಮ್ಮನ್ನು ಮರೆತಿತ್ತು, ಹಾಗಾಗಿ ಅದನ್ನು ನಮಗೆ ಬೇಕಾದಂತೆ ಬಿಚ್ಚಿ ಹೊಲಿದುಕೊಂಡೆವು. ಅವರ ಆಟ ಅವರನ್ನು ಒಂದು ಗಳಿಗೆಯೂ ಮರೆಯುವುದಿಲ್ಲ. ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಗಂಟೆ ಬಾರಿಸಿ ಕರೆಯುತ್ತದೆ, ಬಾರದಿದ್ದರೆ ಬಹುಮಾನ ತಪ್ಪುತ್ತದೆ ಎಂದು ಹೆದರಿಸುತ್ತದೆ. ಒಳಗೆ ಕೈಹಾಕಿ ಅಂಗಿಯ ತೋಳು ಬದಲಿಸುವ ದಾರಿಯಂತೂ ಇಲ್ಲ. ಎರಡರಲ್ಲಿ ನನಗೆ ನಮ್ಮದೇ ಮೇಲು ಅನ್ನಿಸುತ್ತದೆ, ಮತ್ತು ಅದು ಬರೀ ವಯಸ್ಸಿನ ಮಾತಲ್ಲ ಎಂದು ನಂಬಿದ್ದೇನೆ.

ಆದರೂ ಎದ್ದು ಹೊರಡುವಾಗ ಒಬ್ಬ ಹುಡುಗ ತನ್ನ ತಂಡವನ್ನು ತೋರಿಸಿದ. ಆ ಆಟದಲ್ಲೂ ಆಟಗಾರರ ಹೆಸರು ತಿದ್ದಬಹುದು. ಆರಂಭಿಕ ಆಟಗಾರನ ಜಾಗದಲ್ಲಿ ಅವನದೇ ಹೆಸರಿತ್ತು. ಅದರ ಕೆಳಗೆ ಅವನ ತಂಗಿಯದು. “ಆಕಿ ನನಗಿಂತ ಛಲೋ ಆಡ್ತಾಳ್ರಿ” ಎಂದ.

ಮರಳಿ ಗೋಕಾಕಕ್ಕೆ ಬಂದು ಸ್ಟುಡಿಯೋದಲ್ಲಿ ಕೂತಿದ್ದಾಗ ಮೂಡಲಗಿಯ ಬಿಡಿಭಾಗದ ಅಂಗಡಿಯವರ ಫೋನ್ ಬಂತು. ನಾನು ಬಂದುಹೋದ ಮೇಲೆ ಮಗನಿಗೆ ಹಳೆಯ ಕಥೆಯೆಲ್ಲ ಹೇಳಿದ್ದಾರೆ, ತನ್ನ ಹೆಸರನ್ನೂ ಸೇರಿಸಬೇಕೆಂದು ಅವನು ಹಟ ಹಿಡಿದಿದ್ದಾನೆ. ಆ ಓಣಿಯ ತಂಡದ ಪಟ್ಟಿ ಇನ್ನೂ ಇದೆಯೇ ಎಂದು ಕೇಳಿದರು. ಗೆಳೆಯ ಗಲ್ಲಾಪೆಟ್ಟಿಗೆ ತೆರೆದು ಪೆನ್‌ಡ್ರೈವ್ ಚುಚ್ಚಿದ. ಪಟ್ಟಿ ಇತ್ತು, ಹನ್ನೊಂದು ಹೆಸರೂ ಇದ್ದವು. ಒಂದೂ ಜಾಗ ಖಾಲಿ ಇಲ್ಲ, ಹುಡುಗನನ್ನು ಎಲ್ಲಿ ಹಾಕುವುದು ಎಂದು ಗೆಳೆಯ ಕೇಳಿದ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಟ್ರ್ಯಾಕ್ಟರ್ ಒಂದು ಶುರುವಾಗಿ ನಿಂತ ಸದ್ದು.

“ಏಳನೇ ನಂಬರ್ ನಂದೈತಿ ನೋಡು. ಅದನ್ನ ಅಳಿಸಿ ಅವಂದ ಬರಿ.”