ಥರ್ಮೋಕೋಲ್ ಹೋಯ್ತು, ಅಟ್ಟದ ರದ್ದಿ ಬಂತು

ಗೌರಿ-ಗಣೇಶ ಹಬ್ಬ ಹತ್ತಿರ ಬಂತೆಂದರೆ ಪೇಟೆ ಬೀದಿಯಲ್ಲಿ ಒಂದೇ ಪ್ರಶ್ನೆ: ಮಂಟಪಕ್ಕೆ ಏನು ಹಾಕೋದು? ವರ್ಷಗಟ್ಟಲೆ ಇದಕ್ಕೆ ಥರ್ಮೋಕೋಲೇ ಉತ್ತರವಾಗಿತ್ತು. ಈಗ ಆ ಉತ್ತರ ನಡೆಯೋದಿಲ್ಲ. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ. ಮಾರೋ ಹಾಗಿಲ್ಲ, ಬಳಸೋ ಹಾಗಿಲ್ಲ, ದಾಸ್ತಾನು ಇಡೋ ಹಾಗೂ ಇಲ್ಲ. ಪ್ಲಾಸ್ಟಿಕ್ ಬಾವುಟ, ಬಂಟಿಂಗಿಗಂತೂ ನಮ್ಮ ರಾಜ್ಯದಲ್ಲಿ 2016ರಲ್ಲೇ ಬೀಗ ಬಿದ್ದಿದೆ. ಅಂಗಡಿಯ ಹಿಂಬದಿಯಲ್ಲಿ ಹಳೇ ಮಾಲು ಪೇರಿಸಿಟ್ಟವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಥರ್ಮೋಕೋಲಿನ ಮೇಲೆ ಇಷ್ಟು ಸಿಟ್ಟೇಕೆ? ಅದರೊಳಗೆ ಇರುವುದು ಬಹುಪಾಲು ಗಾಳಿ. ಗುಡ್ಡೆ ಹಾಕಿದರೂ ತೂಕ ಬರೋಲ್ಲ. ತೂಕ ಇಲ್ಲದ್ದಕ್ಕೆ ಗುಜರಿಯವನು ಕಾಸು ಬಿಚ್ಚೋಲ್ಲ. ಹಬ್ಬ ಮುಗಿದ ಮೇಲೆ ಅದು ಸೇರುವುದು ಮೋರಿಗೆ, ಇಲ್ಲವೇ ಕೆರೆಗೆ. ಅಲ್ಲಿ ಕರಗುವುದಿಲ್ಲ, ಕಾಳು ಕಾಳಾಗಿ ಉದುರಿ ತೇಲುತ್ತದೆ.

ಹಾಗಾದರೆ ಮಂಟಪ? ಅಟ್ಟ ಹತ್ತಿ ನೋಡಿ ಸ್ವಾಮಿ. ಫ್ಯಾನು, ಮಿಕ್ಸಿ ಬಂದ ರಟ್ಟಿನ ಪೆಟ್ಟಿಗೆ ಕಂಬವಾಗುತ್ತದೆ, ಕಮಾನಾಗುತ್ತದೆ. ಹಳೇ ಲಗ್ನಪತ್ರಿಕೆಗಳಲ್ಲಿ ಹೂವು, ನವಿಲು ಕತ್ತರಿಸಬಹುದು. ಬಣ್ಣವನ್ನು ಅಚ್ಚಿನವರೇ ಹಾಕಿಕೊಟ್ಟಿದ್ದಾರೆ. ಹರಿದ ಸೀರೆಯ ಅಂಚು ತೋರಣಕ್ಕಾಯಿತು. ಅಂಟಿಗೆ ಮೈದಾ ಗಂಜಿ ಸಾಕು. ಹುಳ ಬೀಳದಿರಲಿ ಎಂದು ಬೈಂಡಿಂಗಿನವರು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳಿರೋ ಮನೆಗೆ ಬೇಡ.

ಒಡೆದ ಗಾಜಿನ ಬಳೆಯನ್ನೂ ಬಿಸಾಡಬೇಕಿಲ್ಲ. ಚೂರನ್ನು ಚಿಮಟದಲ್ಲಿ ಹಿಡಿದು ಮೇಣದ ಬತ್ತಿಯ ಉರಿಗೆ ಒಡ್ಡಿದರೆ ಮೆತ್ತಗಾಗಿ ಬಾಗುತ್ತದೆ. ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋದರೆ ಬಾಗಿಲಿಗೆ ಬಳೆಯ ಸರ. ನಮ್ಮ ತಾಯಂದಿರಿಗೆ ಗೊತ್ತಿದ್ದ ವಿದ್ಯೆಯೇ ಇದು.

ಒಂದು ಎಚ್ಚರಿಕೆ. ರಟ್ಟಿನ ಮೇಲೆ ಮಿನುಗು ಪುಡಿ, ಪ್ಲಾಸ್ಟಿಕ್ ಹಾಳೆ ಮೆತ್ತಬೇಡಿ. ಮೆತ್ತಿದರೆ ಆ ರಟ್ಟೂ ಮತ್ತೆ ಕಾಗದವಾಗುವುದು ಕಷ್ಟ. ರದ್ದಿಯನ್ನು ಕಸ ಮಾಡಿದ ಹಾಗಾಯ್ತು, ಅಷ್ಟೇ.

ಅಂಗಡಿಯವರಿಗೆ ಇದರಲ್ಲಿ ನಷ್ಟವೇನೂ ಇಲ್ಲ. ಬಣ್ಣದ ಕಾಗದ, ದಾರ, ಕತ್ತರಿ ನಿಮ್ಮಲ್ಲೇ ಕೊಳ್ಳಬೇಕು. ಮನೆಯಲ್ಲಿ ಮಾಡಲು ಪುರುಸೊತ್ತಿಲ್ಲದೆ ಬಸ್ಸಿಗೆ ಓಡುವವರೂ ಬೇಕಾದಷ್ಟಿದ್ದಾರೆ. ಓಣಿಯ ಹೆಂಗಸರು ಮಾಡಿದ ತೋರಣ, ಮಂಟಪ ತಂದು ತೂಗುಹಾಕಿ, ಅವರು ಕೊಳ್ಳುತ್ತಾರೆ. ಆದರೆ ಕೊಳ್ಳುವಾಗ "ಮನೇಲಿ ಬಿದ್ದಿದ್ದ ಕಸ ತಾನೇ?" ಅಂತ ಚೌಕಾಸಿಗೆ ನಿಲ್ಲಬೇಡಿ. ಸಾಮಾನು ಪುಕ್ಕಟೆ ಇರಬಹುದು, ಎರಡು ರಾತ್ರಿ ಕೂತು ಮಾಡಿದ ಕೈಗೆ ಕೂಲಿ ಬೇಡವೇ?