ಲೋಟಸ್ ಸೆವೆನ್: ತಯಾರಕ ಕೈಬಿಟ್ಟ ಕಾರು, ವ್ಯಾಪಾರಿ ಕೈಹಿಡಿದ ಕಾರು

ತಯಾರಕನು ಇನ್ನು ಸಾಕೆಂದು ಬಿಟ್ಟ ವಸ್ತುವನ್ನು, ಅದನ್ನು ಮಾರುತ್ತಿದ್ದ ವ್ಯಾಪಾರಿಯೇ ಕೊಂಡು, ತಾನೇ ತಯಾರಕನಾಗಿ ಬೆಳೆದ ನಿದರ್ಶನಗಳು ವಾಹನೋದ್ಯಮದಲ್ಲಿ ವಿರಳ. ಇಂಗ್ಲೆಂಡಿನ ‘ಲೋಟಸ್ ಸೆವೆನ್’ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಅಂತಹದೊಂದು ನಿದರ್ಶನ. ಲೋಹದ ಬಾಗಿಲಿಲ್ಲದ, ಗಟ್ಟಿ ಚಾವಣಿಯೂ ಇಲ್ಲದ ಈ ಎರಡು ಆಸನಗಳ ವಾಹನಕ್ಕೆ ಆರು ದಶಕಗಳು ಕಳೆದರೂ ಗ್ರಾಹಕರಿದ್ದಾರೆ. ಇದರ ಕಾರಣವನ್ನು ಅರಿಯುವುದು ಕಾರುಪ್ರಿಯರಿಗಷ್ಟೇ ಅಲ್ಲ, ಸಣ್ಣ ಪ್ರಮಾಣದ ತಯಾರಕರಿಗೂ ಉಪಯುಕ್ತ.

ಹಗುರತೆಯೇ ಬಂಡವಾಳ

ಲೋಟಸ್ ಸಂಸ್ಥೆಯನ್ನು ಕಾಲಿನ್ ಚಾಪ್‌ಮನ್ 1952ರಲ್ಲಿ ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ ಆರಂಭಿಸಿದರು. 1957ರಲ್ಲಿ ಅವರು ಹೊರತಂದ ಸೆವೆನ್ ಕಾರಿನ ರಚನೆ ಅತ್ಯಂತ ಸರಳವಾಗಿತ್ತು. ಉಕ್ಕಿನ ಸಣ್ಣ ಕೊಳವೆಗಳನ್ನು ಬೆಸೆದು ಮಾಡಿದ ಪಂಜರದಂತಹ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ, ಮುಂದೆ ಫೋರ್ಡ್ ಕಂಪನಿಯ 1172 ಸಿಸಿ ಎಂಜಿನ್. ಅದರ ಶಕ್ತಿ ಸುಮಾರು 40 ಅಶ್ವಶಕ್ತಿ ಮಾತ್ರ. ಆದರೆ ಕಾರಿನ ತೂಕ 500 ಕೆ.ಜಿ.ಗಿಂತಲೂ ಕಡಿಮೆ. ನಮ್ಮಲ್ಲಿ ಹಗುರ ಕಾರೆಂದು ಹೆಸರಾಗಿದ್ದ ಮಾರುತಿ 800 ಕೂಡ 600 ಕೆ.ಜಿ. ಮೀರಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದರೆ ಲಾಭ ಮುಖ್ಯವಾಗಿ ನೇರ ರಸ್ತೆಯಲ್ಲಿ. ತೂಕವನ್ನು ಇಳಿಸಿದರೆ ವೇಗ ಏರುವಾಗ, ಬ್ರೇಕ್ ಹಾಕುವಾಗ, ತಿರುವು ದಾಟುವಾಗ, ಎಲ್ಲೆಡೆಯೂ ಲಾಭ. ಸೆವೆನ್ ಕಾರಿನ ಚಾಲಕನು ಹಿಂದಿನ ಅಚ್ಚಿನ ಮುಂಭಾಗದಲ್ಲೇ, ನೆಲಕ್ಕೆ ತೀರ ಸಮೀಪದಲ್ಲಿ ಕುಳಿತಿರುತ್ತಾನೆ. ಮುಂದಿನ ಚಕ್ರಗಳು ತಿರುಗುವುದು ಕಣ್ಣೆದುರಿಗೇ ಕಾಣುತ್ತದೆ. ರಸ್ತೆಯ ಪ್ರತಿಯೊಂದು ಏರಿಳಿತವೂ ಸ್ಟಿಯರಿಂಗ್ ಮೂಲಕ ಕೈಗೆ ತಿಳಿಯುತ್ತದೆ. ಸಾಧಾರಣ ವೇಗದಲ್ಲಿಯೇ ದೊರೆಯುವ ಈ ಅನುಭವಕ್ಕಾಗಿಯೇ ಚಾಲನಾಪ್ರಿಯರು ಮಳೆ, ಗಾಳಿ, ಸದ್ದುಗಳನ್ನು ಸಹಿಸಿಕೊಳ್ಳುತ್ತಾರೆ.

ತೆರಿಗೆಯ ಆಸರೆ

ಸೆವೆನ್ ಕಾರಿನ ಆರಂಭದ ಮಾರಾಟಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರುಗಳಿಗೆ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳ ರೂಪದಲ್ಲಿ ಕೊಂಡು ಗ್ರಾಹಕನೇ ಜೋಡಿಸಿಕೊಂಡರೆ ಆ ತೆರಿಗೆ ತಪ್ಪುತ್ತಿತ್ತು. ಜೋಡಣೆಯ ಕೈಪಿಡಿಯನ್ನು ಕೊಡಲು ನಿಯಮ ಅಡ್ಡಬಂದುದರಿಂದ, ಬಿಚ್ಚುವ ಕ್ರಮವನ್ನು ಬರೆದುಕೊಟ್ಟು ಅದನ್ನೇ ಹಿಂದುಮುಂದಾಗಿ ಅನುಸರಿಸಲು ಬಿಟ್ಟರೆಂಬ ಮಾತು ಕಾರುಪ್ರಿಯರ ವಲಯದಲ್ಲಿ ಇಂದಿಗೂ ಪ್ರಚಲಿತ.

1973ರ ಏಪ್ರಿಲ್ 1ರಂದು ಖರೀದಿ ತೆರಿಗೆ ರದ್ದಾಗಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂತು. ಅದು ಬಿಡಿಭಾಗಗಳಿಗೂ ಅನ್ವಯಿಸಿದ್ದರಿಂದ ಕಿಟ್ ಕಾರುಗಳ ಬೆಲೆಯ ಅನುಕೂಲವೇ ಇಲ್ಲವಾಯಿತು. ತೆರಿಗೆಯ ಸ್ವರೂಪ ಬದಲಾದಾಗ ವ್ಯವಹಾರದ ಲೆಕ್ಕವೆಲ್ಲ ಬದಲಾಗುವುದನ್ನು 2005ರಲ್ಲಿ ವ್ಯಾಟ್, 2017ರಲ್ಲಿ ಜಿಎಸ್‌ಟಿ ಬಂದಾಗ ಕಂಡ ನಮ್ಮ ವರ್ತಕರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. ಲೋಟಸ್ ಅದಾಗಲೇ ದುಬಾರಿ, ಐಷಾರಾಮಿ ಕಾರುಗಳತ್ತ ಹೊರಳಿತ್ತು. ಸೆವೆನ್ ಅದಕ್ಕೆ ಬೇಡವಾಗಿತ್ತು.

ವ್ಯಾಪಾರಿಯ ನಿರ್ಧಾರ

ಸರ್ರೆ ಪ್ರಾಂತ್ಯದ ಕೇಟರ್‌ಹ್ಯಾಮ್ ಪಟ್ಟಣದಲ್ಲಿ ಈ ಕಾರನ್ನು ಮಾರುತ್ತಿದ್ದವರು ಗ್ರಹಾಂ ನಿಯರ್ನ್. ತೆರಿಗೆಯ ಅನುಕೂಲ ಹೋದ ಅದೇ 1973ರಲ್ಲಿ ಅವರ ಕೇಟರ್‌ಹ್ಯಾಮ್ ಕಾರ್ಸ್ ಸಂಸ್ಥೆಯು ಸೆವೆನ್ ತಯಾರಿಕೆಯ ಹಕ್ಕನ್ನು ಪಡೆಯಿತು. ಆಗ ತಯಾರಾಗುತ್ತಿದ್ದುದು 1970ರಲ್ಲಿ ಬಂದ, ಫೈಬರ್‌ಗ್ಲಾಸ್ ಹೊದಿಕೆಯ ನಾಲ್ಕನೆಯ ಮಾದರಿ. ಹೊಸ ಸಂಸ್ಥೆ ಅದನ್ನು ಕೆಲಕಾಲ ತಯಾರಿಸಿ, 1974ರಲ್ಲಿ ಹಿಂದಿನ ಮೂರನೆಯ ಮಾದರಿಗೇ ಮರಳಿತು. ಹೊಸತನ್ನು ಬಿಟ್ಟು ಹಳತಿಗೆ ಹೋದ ಈ ಹೆಜ್ಜೆ ವಿಚಿತ್ರವೆನಿಸಬಹುದು. ಆದರೆ ಹಳೆಯ ಮಾದರಿಯ ಸರಳತೆಯನ್ನೇ ಬಯಸುವ ಗ್ರಾಹಕರು ಇದ್ದರು. ಅವರೊಡನೆ ವರ್ಷಗಳ ಕಾಲ ನೇರವಾಗಿ ವ್ಯವಹರಿಸಿದ್ದ ವ್ಯಾಪಾರಿಗೆ ಅದು ತಿಳಿದಿತ್ತು.

ಮೂಲ ರೂಪವನ್ನು ಉಳಿಸಿಕೊಂಡರೂ ಸಂಸ್ಥೆ ನಿಂತಲ್ಲಿಯೇ ನಿಲ್ಲಲಿಲ್ಲ. ಎಂಜಿನ್ನುಗಳನ್ನು ಫೋರ್ಡ್, ವಾಕ್ಸ್‌ಹಾಲ್, ರೋವರ್ ಮುಂತಾದ ದೊಡ್ಡ ಕಂಪನಿಗಳಿಂದ ಕೊಂಡು ತನ್ನ ಶ್ರಮವನ್ನು ಚೌಕಟ್ಟು ಮತ್ತು ಸಸ್ಪೆನ್ಷನ್ ಸುಧಾರಣೆಗೆ ಮೀಸಲಿಟ್ಟಿತು. ಈ ಪದ್ಧತಿಯಲ್ಲಿ ಅಪಾಯವೂ ಇದೆ. 2005ರಲ್ಲಿ ಎಂಜಿ ರೋವರ್ ಕುಸಿದಾಗ ಆ ಎಂಜಿನ್ನಿನ ಭವಿಷ್ಯವೂ ಮುಗಿಯಿತು. ಕೇಟರ್‌ಹ್ಯಾಮ್ ಫೋರ್ಡ್ ಎಂಜಿನ್ನುಗಳನ್ನು ನೆಚ್ಚಿಕೊಳ್ಳಬೇಕಾಯಿತು. 2021ರಲ್ಲಿ ಬಂದ ‘ಸೆವೆನ್ 170’ ಮಾದರಿಗೆ ಸುಜುಕಿಯ 660 ಸಿಸಿ ಟರ್ಬೊ ಎಂಜಿನ್. ಶಕ್ತಿ 84 ಅಶ್ವಶಕ್ತಿ, ತೂಕ ಸುಮಾರು 440 ಕೆ.ಜಿ. ಅಂದರೆ ಪ್ರತಿ ಟನ್ನಿಗೆ ಸುಮಾರು 190 ಅಶ್ವಶಕ್ತಿ.

ನಿಯರ್ನ್ ಕುಟುಂಬ 2005ರಲ್ಲಿ ಸಂಸ್ಥೆಯನ್ನು ಮಾರಿತು. 2011ರಲ್ಲಿ ಮಲೇಷ್ಯಾದ ಉದ್ಯಮಿ ಟೋನಿ ಫರ್ನಾಂಡಿಸ್, 2021ರಲ್ಲಿ ಜಪಾನಿನ ವಿಟಿ ಹೋಲ್ಡಿಂಗ್ಸ್ ಅದರ ಒಡೆತನ ಪಡೆದರು. ಒಡೆಯರು ಬದಲಾದರೂ ಕಾರು ಬದಲಾಗಲಿಲ್ಲ. ಬ್ರಿಟನ್ನಿನ ಗ್ರಾಹಕರಲ್ಲಿ ಹಲವರು ಇಂದಿಗೂ ಬಿಡಿಭಾಗಗಳನ್ನು ತರಿಸಿ ಮನೆಯ ಗ್ಯಾರೇಜಿನಲ್ಲಿ ತಾವೇ ಜೋಡಿಸಿಕೊಳ್ಳುತ್ತಾರೆ. ಹಿಂದೆ ತೆರಿಗೆ ಉಳಿತಾಯದ ಉಪಾಯವಾಗಿದ್ದ ಕೆಲಸವೀಗ ಹೆಮ್ಮೆಯ ಹವ್ಯಾಸ.

ಇದು ಎಲ್ಲರ ಕಾರಲ್ಲ. ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಸಾಮಾನಿಗೆ ಸ್ಥಳವಿಲ್ಲ, ಕುಟುಂಬಕ್ಕಂತೂ ಒಗ್ಗದು. ಆದರೆ ಎಲ್ಲರಿಗೂ ಸಲ್ಲಬೇಕೆಂಬ ಆಸೆಯನ್ನು ತೊರೆದುದೇ ಇದರ ಬಲ. ರಿಯಾಯಿತಿಯ ನೆರಳಿನಲ್ಲಿ ಚೆನ್ನಾಗಿ ಮಾರುವ ವಸ್ತು ನಮ್ಮ ಅನೇಕ ಘಟಕಗಳಲ್ಲಿಯೂ ಇರಬಹುದು. ನಾಳೆ ಆ ರಿಯಾಯಿತಿ ಹೋದರೆ ಗ್ರಾಹಕನು ಯಾವ ಗುಣಕ್ಕಾಗಿ ಮರಳಿ ಬರುವನೆಂಬುದನ್ನು, ಅದು ಇನ್ನೂ ಇರುವಾಗಲೇ ಕೇಳಿ ತಿಳಿದುಕೊಳ್ಳುವುದು ಲೇಸು.